ಫ್ರೀಬಿಎಸ್‌ಡಿಲಿ ಎಸ್3 (ರ‍್ಯಾಮ್‌ಗೆ ಮಾತ್ರ ಕರೆಂಟ್ ಇರೋ ಸಸ್ಪೆಂಡ್) ಕಾಣಿಸ್ತಿಲ್ಲ, ಎಸಿಪಿಐ ಟೇಬಲ್ (ಹಾರ್ಡ್‌ವೇರ್, ಪವರ್ ವಿಚಾರ ಫರ್ಮ್‌ವೇರ್ ಓಎಸ್‌ಗೆ ಹೇಳೋ ಪಟ್ಟಿ) ಒಳಗೆ ಏನಿದೆ ಅಂತ ನೋಡೋದು ಹೇಗೆ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ, ಹೊಸ ಲ್ಯಾಪ್‌ಟಾಪ್‌ಗೆ ಫ್ರೀಬಿಎಸ್‌ಡಿ (ಯುನಿಕ್ಸ್ ತರದ ಓಎಸ್) ಹಾಕಿದೀನಿ, ವೈಫೈ ಗ್ರಾಫಿಕ್ಸ್ ಎಲ್ಲಾ ಓಡ್ತಿದೆ ಆದ್ರೆ ಮುಚ್ಚಳ ಮುಚ್ಚಿದ್ರೆ ಸಸ್ಪೆಂಡ್ ಆಗಲ್ಲ, ಬ್ಯಾಗಲ್ಲಿ ಬಿಸಿ ಆಗ್ತಾನೇ ಇರತ್ತೆ. ಸಿಸ್‌ಸಿಟಿಎಲ್‌ನಲ್ಲಿ (ಕರ್ನಲ್ ಸೆಟ್ಟಿಂಗ್ ತೋರಿಸೋ ಕಮಾಂಡ್) ಸಪೋರ್ಟೆಡ್ ಸ್ಲೀಪ್ ಸ್ಟೇಟ್ ನೋಡಿದ್ರೆ ಎಸ್4 (ಹೈಬರ್ನೇಟ್) ಎಸ್5 (ಪೂರ್ತಿ ಆಫ್) ಅಷ್ಟೇ ಬರತ್ತೆ. ಕರ್ನಲ್ ತೊಂದ್ರೆನಾ ಇಲ್ಲ ಫರ್ಮ್‌ವೇರೇ ಎಸ್3 ಕೊಡ್ತಿಲ್ವಾ? ಡಿಎಸ್‌ಡಿಟಿ (ಮುಖ್ಯ ಎಸಿಪಿಐ ಟೇಬಲ್) ತಿದ್ದಿದ್ರೆ ಸರಿಹೋಗತ್ತೆ ಅಂತ ಒಬ್ರು ಹೇಳಿದ್ರು, ಮಾಡ್ಲಾ?

ಉತ್ತರ 1:
ತಿದ್ದೋಕೆ ಮುಂಚೆ ಓದಿ ಸರ್. ರೂಟ್ ಆಗಿ ಎಸಿಪಿಐಡಂಪ್‌ಗೆ ಮೈನಸ್ ಡಿಟಿ ಕೊಟ್ಟು ಔಟ್‌ಪುಟ್ ಫೈಲ್‌ಗೆ ಹಾಕ್ಕೊಳಿ. ಟಿ ಕೊಟ್ರೆ ಎಫ್‌ಎಸಿಪಿ, ಎಪಿಐಸಿ ತರದ ಟೇಬಲ್‌ಗಳು ಬರತ್ತೆ, ಡಿ ಕೊಟ್ರೆ ಐಎಎಸ್‌ಎಲ್ (ಎಸಿಪಿಐ ಕೋಡ್ ಬಿಡಿಸೋ ಟೂಲ್) ಓಡಿಸಿ ಡಿಎಸ್‌ಡಿಟಿನ ಓದೋ ಹಾಗೆ ಬಿಡಿಸಿ ಕೊಡತ್ತೆ. ಸಾವಿರಾರು ಸಾಲು ಇರತ್ತೆ, ಎಲ್ಲಾ ಓದ್ಬೇಡಿ, ಅಂಡರ್‌ಸ್ಕೋರ್ ಎಸ್3 ಅಂತ ಗ್ರೆಪ್ ಮಾಡಿ (ಹುಡುಕಿ). ಆ ಪ್ಯಾಕೇಜ್ ಸಿಕ್ಕಿದ್ರೆ ಮಾತ್ರ ಕರ್ನಲ್ ಎಸ್3ನ ಪಟ್ಟಿಗೆ ಸೇರಿಸತ್ತೆ. ಕೆಲವದರಲ್ಲಿ ಅದು ಇಫ್ ಒಳಗೆ ಇರತ್ತೆ, ಆವಾಗ ಬಯಾಸ್ ಸೆಟ್ಟಿಂಗ್ ಬದಲಾಯಿಸಿದ್ರೆ ಸಾಕಾಗಬಹುದು. ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ 6ನೇ ಜನರೇಶನ್ನಿಗೆ 2018ರಲ್ಲಿ ಜನ ಡಿಎಸ್‌ಡಿಟಿ ಪ್ಯಾಚ್ ಮಾಡ್ಕೊಂಡೇ ಎಸ್3 ಬಳಸ್ತಿದ್ರು, ಅದೇ ವರ್ಷ ಬಯಾಸ್ ಅಪ್‌ಡೇಟಲ್ಲಿ ಸ್ಲೀಪ್ ಸ್ಟೇಟ್ ಅನ್ನೋ ಆಯ್ಕೆ ಬಂತು, ಲಿನಕ್ಸ್ ಅಂತ ಇಟ್ರೆ ಆಯ್ತು, ಪ್ಯಾಚೇ ಬೇಡ.

ಉತ್ತರ 2:
ಡಿಎಸ್‌ಡಿಟಿ ಓವರ್‌ರೈಡ್ ಹುಷಾರು ಬ್ರೋ. ಲೋಡರ್ ಕಾನ್ಫಲ್ಲಿ ಒಂದ್ಸಲ ಹಾಕಿದ್ರೆ ಬಯಾಸ್ ಅಪ್‌ಡೇಟ್ ಆದ್ಮೇಲೂ ಹಳೇ ಫೈಲೇ ಲೋಡ್ ಆಗ್ತಿರತ್ತೆ, ಆದ್ರೆ ಅದರೊಳಗಿನ ಆಪರೇಶನ್ ರೀಜನ್ (ಆ ಕೋಡ್ ಮುಟ್ಟೋ ಮೆಮೊರಿ, ಹಾರ್ಡ್‌ವೇರ್ ಜಾಗ) ಅಡ್ರೆಸ್‌ಗಳು ಬದಲಾಗಿರಬಹುದು, ಆಮೇಲೆ ಎಲ್ಲೆಲ್ಲೋ ಬರೆಯತ್ತೆ. ಮತ್ತೆ ಎಸ್3 ಇಂದ ಎಬ್ಬಿಸೋ ಕೋಡೇ ಫರ್ಮ್‌ವೇರಲ್ಲಿ ಇಲ್ದಿದ್ರೆ ನೀವು ಟೇಬಲ್‌ಗೆ ಆ ಹೆಸರು ಸೇರಿಸಿ ಏನೂ ಉಪಯೋಗ ಇಲ್ಲ, ಮಲಗಿದ್ದು ಏಳಲ್ಲ.

ಉತ್ತರ 3:
ಇನ್ನೊಂದು ಕಡೆಯಿಂದನೂ ಖಾತ್ರಿ ಮಾಡ್ಕೊಳಿ. ಲಿನಕ್ಸ್ ಲೈವ್ ಯುಎಸ್‌ಬಿ ಬೂಟ್ ಮಾಡಿ ಸಿಸ್ ಪವರ್ ಒಳಗಿನ ಮೆಮ್‌ಸ್ಲೀಪ್ ಫೈಲ್ ನೋಡಿ, ಡೀಪ್ ಅಂತ ಇಲ್ದೆ ಎಸ್2ಐಡಲ್ ಒಂದೇ ಇದ್ರೆ ಎಸ್3 ಇಲ್ಲ ಅಂತ. ಸಿಸ್ ಫರ್ಮ್‌ವೇರ್ ಎಸಿಪಿಐ ಟೇಬಲ್ಸ್ ಇಂದ ಎಫ್‌ಎಸಿಪಿ ಕಾಪಿ ಮಾಡಿ ಐಎಎಸ್‌ಎಲ್‌ಗೆ ಕೊಡಿ, ಲೋ ಪವರ್ ಎಸ್0 ಐಡಲ್ (ಆನ್ ಇದ್ದೇ ಕಮ್ಮಿ ಕರೆಂಟಲ್ಲಿರೋ ನಿದ್ದೆ) ಅನ್ನೋ ಸಾಲು ಬರತ್ತೆ, ಫ್ಲ್ಯಾಗ್ಸಲ್ಲಿ 21ನೇ ಬಿಟ್ ಅದು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್, ನೋಡ್ದೆ. ಅಂಡರ್‌ಸ್ಕೋರ್ ಎಸ್3 ಎಲ್ಲೂ ಇಲ್ಲ, ಇಫ್ ಒಳಗೂ ಇಲ್ಲ, ಎಸ್0 ಐಡಲ್ 1 ಅಂತಿದೆ. ಬಯಾಸಲ್ಲೂ ಆಯ್ಕೆ ಇಲ್ಲ.

ಉತ್ತರ 1:
ಹಂಗಾದ್ರೆ ಕರ್ನಲ್ ಸರಿಯಾಗೇ ಹೇಳ್ತಿದೆ, ಪ್ಯಾಚ್ ಆಸೆ ಬಿಡಿ. ಫ್ರೀಬಿಎಸ್‌ಡಿ ಫೌಂಡೇಶನ್ನವರ ಲ್ಯಾಪ್‌ಟಾಪ್ ಪ್ರಾಜೆಕ್ಟಲ್ಲಿ ಎಸ್0 ಐಡಲ್ ಕೆಲ್ಸನೂ ಇದೆ, ಅದನ್ನ ಫಾಲೋ ಮಾಡ್ತಿರಿ. ಅಲ್ಲಿವರೆಗೂ ಲಿಡ್ ಸ್ವಿಚ್ ಸ್ಟೇಟ್‌ನ ಎಸ್5 ಅಂತ ಇಡಿ, ಮುಚ್ಚಿದ ತಕ್ಷಣ ಪೂರ್ತಿ ಆಫ್ ಆಗತ್ತೆ, ಫೈಲ್ ಸೇವ್ ಮಾಡಿ ಮುಚ್ಚಿ ಅಷ್ಟೇ.