ಅಪ್‌ಡೇಟ್: ನಮ್ಮ ಆಸ್ಟಿಲ್ಬಿ ಹೂ ಬಿಟ್ಟಿತು!

ಹೋದ ವರ್ಷ ಕೇಳಿದ್ದೆನಲ್ಲ, ನ್ಯೂಜೆರ್ಸಿಯ ನಮ್ಮ ಹಿತ್ತಲಲ್ಲಿ ಮೇಪಲ್ ಮರದ ನೆರಳಲ್ಲಿದ್ದರೂ ಆಸ್ಟಿಲ್ಬಿ ಎಂಬ ನೆರಳಿನ ಹೂಗಿಡದ ಎಲೆಗಳ ಅಂಚು ಯಾಕೆ ಒಣಗುತ್ತಿದೆ ಅಂತ. ನೀವು ಹೇಳಿದ್ದೇ ನಿಜ. ತೊಂದರೆ ಬಿಸಿಲಿನದಲ್ಲ, ನೀರಿನದು. ಅಗೆದು ನೋಡಿದರೆ ಮೇಲ್ಮಣ್ಣಿನ ತುಂಬ ಮೇಪಲ್ ಬೇರು! ಹಾಕಿದ ನೀರೆಲ್ಲ ಮರವೇ ಕುಡಿಯುತ್ತಿತ್ತು.

ಸೆಪ್ಟೆಂಬರಿನಲ್ಲಿ ಗಿಡಗಳನ್ನು ಮನೆಯ ಪೂರ್ವದ ಬದಿಗೆ ಬದಲಾಯಿಸಿದೆ. ಬೆಳಗ್ಗೆ ಸ್ವಲ್ಪ ಎಳೆಬಿಸಿಲು, ಆಮೇಲೆ ಪೂರ್ತಿ ನೆರಳು. ಮಣ್ಣಿಗೆ ಜಾಸ್ತಿ ಕಾಂಪೋಸ್ಟ್ ಬೆರೆಸಿ, ಮೇಲೆ 2 ಇಂಚು ತರಗೆಲೆ ಹೊದಿಸಿದೆ. ಹಳೆಯ ಬುಡವನ್ನು ಚಾಕುವಿನಿಂದ ಮೂರು ಭಾಗ ಮಾಡುವಾಗ ನಿಜಕ್ಕೂ ಕೈ ನಡುಗಿತ್ತು. ಮೂರೂ ಚಿಗುರಿವೆ!

ಜೂನ್ ಕೊನೆಗೆ ಫನಾಲ್ ತಳಿಯ ಕಡುಗೆಂಪು ಹೂಗಳು ಗರಿಯ ಹಾಗೆ ಎದ್ದು ನಿಂತವು. ಮಳೆ ಇಲ್ಲದ ವಾರಗಳಲ್ಲಿ ನೀರು ತಪ್ಪಿಸಿಲ್ಲ. ಜಿಂಕೆಗಳು ಪಕ್ಕದ ಹೋಸ್ಟಾ ಗಿಡಗಳನ್ನು ಮೇಯ್ದವು, ಇದನ್ನು ಮುಟ್ಟಲಿಲ್ಲ. ತುಂಬಾ ಥ್ಯಾಂಕ್ಸ್!