ಚೆಲ್ಸಿ ಗೆದ್ದಿದ್ದು ಸರಿ, ಆದರೆ ವರ್ಷದ ತಂಡ ಯಾವುದು?

ಎಲ್ಲರಿಗೂ ನಮಸ್ಕಾರ. ಇದು ಉದ್ದ ಮೆಸೇಜು, ಈಗಲೇ ಹೇಳಿಬಿಡುತ್ತೇನೆ. ದೊಡ್ಡಮ್ಮ, ನೀವು ಇದನ್ನು ಬಿಟ್ಟು ಮುಂದೆ ಹೋಗಿ, ಇದರಲ್ಲಿ ಮದುವೆ ಮಾತು ಏನೂ ಇಲ್ಲ. ಬರೀ ಫುಟ್‌ಬಾಲ್.

ಇವತ್ತು 2025ರ ಜುಲೈ 14. ಬೆಳಿಗ್ಗೆಯಿಂದ ಈ ಗ್ರೂಪಿನಲ್ಲಿ ಮೂವರು ಜಗಳ ಆಡುತ್ತಿದ್ದಾರೆ. ಪುಟ್ಟ ಹೇಳುತ್ತಾನೆ, ಇಂಗ್ಲೆಂಡಿನ ಚೆಲ್ಸಿ ನಿನ್ನೆ ರಾತ್ರಿ ಅಮೆರಿಕದಲ್ಲಿ ಪ್ಯಾರಿಸ್‌ನ ಕ್ಲಬ್ ಪಿಎಸ್‌ಜಿಗೆ 3-0 ಹೊಡೆದು ಕ್ಲಬ್ ವಿಶ್ವಕಪ್ ಗೆದ್ದಿದೆ, ಮಾತು ಮುಗಿಯಿತು ಅಂತ. ಅವನ ಅಪ್ಪ, ಅಂದರೆ ನಮ್ಮ ಭಾವ, ಹೇಳುತ್ತಾರೆ, ಕಪ್ ಅನ್ನುವುದು ಅದೃಷ್ಟದ ಆಟ, 38 ಪಂದ್ಯ ಆಡಿ ಲೀಗ್ ಗೆಲ್ಲುವುದೇ ನಿಜವಾದ ಬಲ, ಹಾಗಾಗಿ ಇಂಗ್ಲೆಂಡಿನ ಲೀಗ್ ಗೆದ್ದ ಲಿವರ್‌ಪೂಲ್. ತಂಗಿ ಏನೂ ಮಾತಾಡುತ್ತಿಲ್ಲ, ಸುಮ್ನೆ ಬಾರ್ಸಿಲೋನಾದ ಹುಡುಗ ಯಮಾಲ್ ಫೋಟೋ ಹಾಕುತ್ತಿದ್ದಾಳೆ. ನಿನ್ನೆ ಅವನಿಗೆ 18 ತುಂಬಿತಂತೆ. ಸರಿ ಕಣೇ, ನೋಡಿದೆವು.

ನಾನೂ ಹನ್ನೆರಡೂವರೆಗೆ ಎದ್ದು ಕೂತು ನೋಡಿದವನೇ. ಟಿವಿ ಸೌಂಡು ಪೂರ್ತಿ ಕಡಿಮೆ ಮಾಡಿಕೊಂಡು, ಕತ್ತಲಲ್ಲಿ ಕಳ್ಳನ ಹಾಗೆ. ಅದಕ್ಕೇ ಇವತ್ತು ಆಫೀಸಿನಲ್ಲಿ ಬಾಯಿ ಬಿಡಲಿಲ್ಲ, ಈಗ ಬಿಡುತ್ತಿದ್ದೇನೆ.

ಮೊದಲು ಪುಟ್ಟನಿಗೆ. ಗೆಲುವು ಚೆನ್ನಾಗಿತ್ತು, ಒಪ್ಪಿಕೊಂಡೆ. ಅದು ಅದೃಷ್ಟದ ಗೆಲುವು ಅಲ್ಲವೇ ಅಲ್ಲ. ಪಿಎಸ್‌ಜಿಯ ಎಡಗಡೆ ಬ್ಯಾಕ್ ನೂನೊ ಮೆಂಡೆಸ್ ಯಾವಾಗಲೂ ಮುಂದೆ ಓಡಿಹೋಗುತ್ತಾನೆ, ಅವನ ಬೆನ್ನ ಹಿಂದೆ ಜಾಗ ಬಿದ್ದಿರುತ್ತದೆ. ಚೆಲ್ಸಿ ಕೋಚ್ ಮಾರೆಸ್ಕಾ ಅದನ್ನೇ ನೋಡಿಟ್ಟುಕೊಂಡು ಪಾಮರ್‌ನನ್ನು ಆ ಕಡೆಗೇ ಬಿಟ್ಟರು. 22ನೇ ನಿಮಿಷಕ್ಕೆ ಒಂದು, 30ಕ್ಕೆ ಇನ್ನೊಂದು. ಎರಡೂ ಹೆಚ್ಚುಕಮ್ಮಿ ಒಂದೇ ಥರದ ಗೋಲು, ಒಂದೇ ಮೂಲೆಗೆ. 43ಕ್ಕೆ ಜೊವಾವೊ ಪೆಡ್ರೊ ಮೂರನೆಯದು. ಅರ್ಧ ಪಂದ್ಯಕ್ಕೇ ಕಥೆ ಮುಗಿದಿತ್ತು.

ಆದರೆ ಪುಟ್ಟ, ಇದೇ ಚೆಲ್ಸಿ ಇದೇ ಟೂರ್ನಿಯಲ್ಲಿ ಬ್ರೆಜಿಲ್‌ನ ಫ್ಲಮೆಂಗೊ ಹತ್ತಿರ 3-1 ಸೋತಿದ್ದು ನೆನಪಿದೆಯಾ? ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಬಂದಿದ್ದು ನಾಲ್ಕನೇ ಸ್ಥಾನ. ಅದೂ ಕೊನೇ ದಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮೇಲೆ ಒಂದು ಗೋಲಿನಿಂದ ಗೆದ್ದು. ಯುರೋಪ್‌ನಲ್ಲಿ ಈ ವರ್ಷ ಆಡಿದ್ದು ಮೂರನೇ ದರ್ಜೆಯ ಕಾನ್ಫರೆನ್ಸ್ ಲೀಗ್. ಗೆದ್ದರು, ಸಂತೋಷ. ಆದರೆ ಆಗಸ್ಟ್‌ನಿಂದ ಮೇವರೆಗೆ "ಈ ಸಲ ಯುರೋಪ್‌ನಲ್ಲಿ ಚೆಲ್ಸಿಯೇ ಜೋರು" ಅಂತ ನೀನೇ ಒಂದು ಸಲವಾದರೂ ಹೇಳಿದ್ದೆಯಾ? ಬೈಯುತ್ತಿದ್ದೆ ಕಣೋ. ಹಳೇ ಮೆಸೇಜು ತೆಗೆದು ತೋರಿಸಲಾ?

ಈಗ ಭಾವ. ಲಿವರ್‌ಪೂಲ್ ವಿಷಯದಲ್ಲಿ ಈಗ ಜೋರಾಗಿ ವಾದ ಮಾಡುವುದಕ್ಕೂ ಮನಸ್ಸು ಬರುತ್ತಿಲ್ಲ. ಅವರ ಆಟಗಾರ ಡಿಯೋಗೊ ಜೋಟಾ ತೀರಿಹೋಗಿ ಇನ್ನೂ ಎರಡು ವಾರ ಆಗಿಲ್ಲ. ಮದುವೆಯಾಗಿ ಹನ್ನೊಂದು ದಿನ, ತಮ್ಮನ ಜೊತೆ ಕಾರು ಅಪಘಾತದಲ್ಲಿ. ಆ ದಿನ ಗ್ರೂಪಿನಲ್ಲಿ ನೀವು ಬರೀ ಅವನ ಫೋಟೋ ಹಾಕಿ ಸುಮ್ಮನಾಗಿದ್ದಿರಿ. ಅದಕ್ಕೇ ಇದನ್ನು ಮೆತ್ತಗೆ ಹೇಳುತ್ತೇನೆ.

ಲಿವರ್‌ಪೂಲ್ ಲೀಗ್ ಗೆದ್ದ ರೀತಿಗೆ ಯಾರೂ ಮಾತಾಡುವ ಹಾಗಿಲ್ಲ. ಕ್ಲಾಪ್ ಹೋದ ಮೇಲೆ ಬಂದ ಹೊಸ ಕೋಚ್ ಸ್ಲಾಟ್, ಆ ಬೇಸಿಗೆಯಲ್ಲಿ ತಂಡಕ್ಕೆ ಸೇರಿದವನು ಕಿಯೇಸಾ ಒಬ್ಬನೇ, ಆದರೂ 84 ಅಂಕ, ಎರಡನೇ ಸ್ಥಾನದ ಆರ್ಸೆನಲ್‌ಗಿಂತ ಹತ್ತು ಜಾಸ್ತಿ. ನಾಲ್ಕು ಪಂದ್ಯ ಬಾಕಿ ಇರುವಾಗಲೇ ಟಾಟನಮ್‌ಗೆ 5-1 ಹೊಡೆದು ಕಪ್ ಕೈಗೆ ತೆಗೆದುಕೊಂಡರು. ಸಾಲಾ ಲೀಗ್ ಒಂದರಲ್ಲೇ 29 ಗೋಲು, 18 ಅಸಿಸ್ಟ್ (ಬೇರೆಯವರ ಗೋಲಿಗೆ ಕೊಟ್ಟ ಪಾಸು). ಅಷ್ಟೂ ನಿಜ.

ಆದರೆ ಲೀಗ್ ಪಟ್ಟಿಯಲ್ಲಿ ಮೇಲಿದ್ದವರೇ ಬಲಿಷ್ಠರು ಅಂತ ನೀವು ಅಂದಾಗ ನನಗೆ ನಗು ಬಂತು. ಹೋದ ತಿಂಗಳು 3ನೇ ತಾರೀಕು ಅಹಮದಾಬಾದ್‌ನಲ್ಲಿ ಆರ್‌ಸಿಬಿ 18ನೇ ಸೀಸನ್‌ನಲ್ಲಿ ಮೊದಲ ಸಲ ಕಪ್ ಎತ್ತಿದಾಗ ಸೋಫಾ ಮೇಲೆ ಹತ್ತಿ ಕುಣಿದವರು ಯಾರು? ಪಟ್ಟಿಯಲ್ಲಿ ಮೇಲಿದ್ದದ್ದು ಪಂಜಾಬ್, ಭಾವ. ಅಂಕ ಇಬ್ಬರದೂ 19, ರನ್ ರೇಟಿನಲ್ಲಿ ಪಂಜಾಬ್ ಮುಂದೆ. ಆ ರಾತ್ರಿ "ನಿಜವಾದ ಬಲಿಷ್ಠ ತಂಡ ಪಂಜಾಬೇ" ಅಂತ ನೀವು ಅಂದಿದ್ದು ನನಗಂತೂ ಕೇಳಿಸಲಿಲ್ಲ. ಮಾರನೇ ದಿನ ಚಿನ್ನಸ್ವಾಮಿ ಹತ್ತಿರ ಕಾಲ್ತುಳಿತ ಆಗಿದ್ದರಿಂದ ಆ ಖುಷಿಯನ್ನು ನೆನೆಸಿಕೊಳ್ಳುವುದಕ್ಕೂ ಕಷ್ಟ, ಅದು ಬೇರೆ ಮಾತು.

ಪುಟ್ಟ ಈಗ ಅಡ್ಡ ಬರುತ್ತಾನೆ, ಗೊತ್ತು. "ಮಾವ, ಹಾಗಾದರೆ ಫೈನಲ್ ಗೆದ್ದ ಚೆಲ್ಸಿಯೇ ಅಲ್ವಾ?" ಇರು ಮಾರಾಯ. ಆರ್‌ಸಿಬಿ ಬರೀ ಫೈನಲ್ ಗೆದ್ದಿದ್ದಲ್ಲ. ಅದಕ್ಕೆ ಮುಂಚೆ ಕ್ವಾಲಿಫೈಯರ್‌ನಲ್ಲೂ ಅದೇ ಪಂಜಾಬನ್ನು 101ಕ್ಕೆ ಮಡಚಿತ್ತು. ನಾನು ನೋಡುವುದು ಅದನ್ನೇ. "ನಾನೇ ದೊಡ್ಡವನು" ಅನ್ನುವವರು ಎದುರೆದುರು ನಿಂತಾಗ, ಒಂದು ಸಲ ಅಲ್ಲ, ಮತ್ತೆ ಮತ್ತೆ, ಯಾರು ಯಾರನ್ನು ಕೆಡವಿದರು?

ಒಂದು ನಿಮಿಷ, ಹಾಲು ಉಕ್ಕುತ್ತಿದೆ.

ಹಾಂ, ಬಂದೆ. ಹಾಗೆ ನೋಡಿದರೆ ನನ್ನ ಉತ್ತರ ಪಿಎಸ್‌ಜಿ. ನಿನ್ನೆ ಸೋತ ಮೇಲೂ ಪಿಎಸ್‌ಜಿಯೇ.

ತಮಾಷೆ ಏನೆಂದರೆ ಡಿಸೆಂಬರ್‌ನಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ನಾನೇ ನಗುತ್ತಿದ್ದೆ. ಎಂಬಾಪೆ ಒಂದು ರೂಪಾಯಿ ಕೊಡಿಸದೆ ಮ್ಯಾಡ್ರಿಡ್‌ಗೆ ಹೋಗಿದ್ದ. ಅದಕ್ಕೆ ಮುಂಚೆ ಮೆಸ್ಸಿ, ನೇಮಾರ್ ಎಲ್ಲ ಬಂದು ಹೋಗಿ ಆಗಿತ್ತು, ಯುರೋಪ್‌ನ ಕ್ಲಬ್‌ಗಳಿಗೆ ಎಲ್ಲಕ್ಕಿಂತ ದೊಡ್ಡ ಕಪ್ ಆದ ಚಾಂಪಿಯನ್ಸ್ ಲೀಗ್ ಮಾತ್ರ ಬಂದಿರಲಿಲ್ಲ. ಈ ಸಲದ್ದು ಹೊಸ ಪದ್ಧತಿ ಅಲ್ವಾ. 36 ತಂಡಕ್ಕೂ ಒಂದೇ ಪಟ್ಟಿ, ತಲಾ ಎಂಟು ಪಂದ್ಯ, ಮೊದಲ ಎಂಟು ತಂಡ ನೇರ ಮುಂದೆ, 24ರವರೆಗಿನವರಿಗೆ ಪ್ಲೇಆಫ್, ಉಳಿದವರು ಮನೆಗೆ. ಪಿಎಸ್‌ಜಿ ಆರ್ಸೆನಲ್ ಹತ್ತಿರ ಸೋತಿತು, ಅಟ್ಲೆಟಿಕೊ ಹತ್ತಿರ ಸೋತಿತು, ಬಾಯರ್ನ್ ಹತ್ತಿರ ಸೋತಿತು. ಅಕ್ಟೋಬರ್ 1ರಂದು ಆರ್ಸೆನಲ್ ಪಂದ್ಯಕ್ಕೆ ಕೋಚ್ ಲೂಯಿಸ್ ಎನ್ರಿಕೆ ಡೆಂಬೆಲೆಯನ್ನು ಲಂಡನ್‌ಗೆ ಕರೆದುಕೊಂಡೇ ಹೋಗಲಿಲ್ಲ. ಶಿಸ್ತು ಸಾಲದು ಅಂತ. ತಂಡದ ದೊಡ್ಡ ಆಟಗಾರನನ್ನೇ!

ಆಮೇಲೆ ಜನವರಿ 22. ಪ್ಯಾರಿಸ್‌ನಲ್ಲಿ ಸುರಿಯುವ ಮಳೆ, ಎದುರಿಗೆ ಮ್ಯಾಂಚೆಸ್ಟರ್ ಸಿಟಿ. ಎರಡನೇ ಅರ್ಧ ಶುರುವಾಗಿ ಹತ್ತು ನಿಮಿಷದೊಳಗೆ ಸಿಟಿ 2-0. ಸೋತರೆ ಹೆಚ್ಚುಕಮ್ಮಿ ಮನೆಗೇ. ನಾನು ಟಿವಿ ಆರಿಸಲು ರಿಮೋಟ್ ಎತ್ತಿಕೊಂಡಿದ್ದೆ, ದೇವರಾಣೆಗೂ. ಅಷ್ಟರಲ್ಲಿ ಡೆಂಬೆಲೆ ಒಂದು, ನಾಲ್ಕು ನಿಮಿಷಕ್ಕೆ ಬಾರ್ಕೊಲಾ ಇನ್ನೊಂದು, ಆಮೇಲೆ ನೆವೆಸ್, ಕೊನೆಗೆ ರಾಮೋಸ್. 4-2. ವರ್ಷ ತಿರುಗಿದ್ದು ಅಲ್ಲೇ. ಅದೇ ತಿಂಗಳು ನಾಪೋಲಿಯಿಂದ ಕ್ವಾರಾಟ್ಸ್‌ಖೇಲಿಯಾನನ್ನೂ ಕೊಂಡು ತಂದರು. ಪ್ಲೇಆಫ್‌ನಲ್ಲಿ ಪಾಪದ ಬ್ರೆಸ್ಟ್‌ಗೆ ಎರಡು ಪಂದ್ಯ ಸೇರಿ 10-0.

ಭಾವ, ಲಿವರ್‌ಪೂಲ್ ಎಂಟರಲ್ಲಿ ಏಳು ಗೆದ್ದು ಆ 36ರ ಪಟ್ಟಿಯಲ್ಲಿ ಮೊದಲನೆಯದು. ಪಿಎಸ್‌ಜಿ 15ನೆಯದು. ಮೊದಲ ಸ್ಥಾನಕ್ಕೆ ಸಿಕ್ಕ ಬಹುಮಾನ ಏನು? 16ರ ಘಟ್ಟದಲ್ಲಿ ಎದುರಿಗೆ ಪಿಎಸ್‌ಜಿ! ಪಟ್ಟಿ ಮಾಡಿದವರ ಹಣೆಬರಹ ನೋಡಿ. ಪ್ಯಾರಿಸ್‌ನಲ್ಲಿ ಪಿಎಸ್‌ಜಿ 27 ಶಾಟು ಹೊಡೆಯಿತು, ಲಿವರ್‌ಪೂಲ್ ಎರಡು. ಲಿವರ್‌ಪೂಲ್ ಗೋಲಿ ಅಲಿಸನ್ ಒಬ್ಬನೇ ಒಂಬತ್ತು ತಡೆದ. ಕೊನೆಗೆ ಬದಲಿಯಾಗಿ ಬಂದ ಎಲಿಯಟ್ ಕಾಲಿಗೆ ಸಿಕ್ಕ ಮೊದಲ ಚೆಂಡನ್ನೇ ಗೋಲು ಮಾಡಿ 1-0 ಗೆಲ್ಲಿಸಿದ. ಬೇರೆ ಯಾವ ತಂಡವಾಗಿದ್ದರೂ ಹಣೆ ಚಚ್ಚಿಕೊಂಡು ಕೂರುತ್ತಿತ್ತು. ಇವರು ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ಗೆ ಹೋಗಿ 12ನೇ ನಿಮಿಷಕ್ಕೆ ಗೋಲು ಹಾಕಿದರು. ಎರಡು ಪಂದ್ಯ ಸೇರಿ 1-1 ಸಮ, ಹಾಗಾಗಿ ಪೆನಾಲ್ಟಿ. ಅದರಲ್ಲಿ ಪಿಎಸ್‌ಜಿ ಗೋಲಿ ಡೊನ್ನಾರುಮ್ಮಾ ಎರಡು ಹಿಡಿದ. 4-1. ಎರಡೂ ಪಂದ್ಯ ನೋಡಿದ ಮೇಲೂ ಲಿವರ್‌ಪೂಲೇ ಬಲಿಷ್ಠ ಅನ್ನುತ್ತೀರಾ? ಎದೆ ಮುಟ್ಟಿಕೊಂಡು ಹೇಳಿ.

ಆಮೇಲೆ ಆಸ್ಟನ್ ವಿಲ್ಲಾ. ಇಲ್ಲಿ ಪಿಎಸ್‌ಜಿ ಒದ್ದಾಡಿತು, ಮುಚ್ಚಿಡುವುದಿಲ್ಲ. ಒಟ್ಟು 5-1 ಮುಂದಿದ್ದವರು ಬರ್ಮಿಂಗ್‌ಹ್ಯಾಮ್‌ನಲ್ಲಿ 5-4ಕ್ಕೆ ಬಂದು, ಡೊನ್ನಾರುಮ್ಮಾ ಕೈಯಿಂದ ಬದುಕಿದರು. ಸೆಮಿಫೈನಲ್ ಆರ್ಸೆನಲ್ ವಿರುದ್ಧ, ಅದೇ ಲಂಡನ್ ಮೈದಾನ. ಅಕ್ಟೋಬರ್‌ನಲ್ಲಿ ಯಾರನ್ನು ಬಿಟ್ಟು ಹೋಗಿದ್ದರೋ ಅದೇ ಡೆಂಬೆಲೆ ನಾಲ್ಕನೇ ನಿಮಿಷಕ್ಕೆ ಗೋಲು. ಪ್ಯಾರಿಸ್‌ನಲ್ಲಿ 2-1. ಫೈನಲ್ ಮ್ಯೂನಿಕ್‌ನಲ್ಲಿ, ಇಟಲಿಯ ಇಂಟರ್ ವಿರುದ್ಧ 5-0. ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಇಷ್ಟು ಅಂತರದಿಂದ ಇದುವರೆಗೆ ಯಾರೂ ಗೆದ್ದಿಲ್ಲ. 19 ವರ್ಷದ ಡೂಯೆ ಎರಡು ಗೋಲು, ಒಂದು ಅಸಿಸ್ಟ್.

ಆದರೆ ನನಗೆ ಆ ಫೈನಲ್‌ನಿಂದ ನೆನಪಿರುವುದು ಗೋಲುಗಳಲ್ಲ. ಇಂಟರ್‌ನ ಗೋಲಿ ಸೊಮ್ಮರ್ ಗೋಲ್ ಕಿಕ್ ತೆಗೆದುಕೊಳ್ಳಲು ನಿಂತಿದ್ದಾನೆ. ಪೆನಾಲ್ಟಿ ಬಾಕ್ಸ್ ಗೆರೆ ಮೇಲೆ ಡೆಂಬೆಲೆ ಅರ್ಧ ಬಗ್ಗಿ, ಬೆಕ್ಕು ಇಲಿಯ ಬಿಲದ ಮುಂದೆ ಕೂತ ಹಾಗೆ, ಅವನನ್ನೇ ದಿಟ್ಟಿಸುತ್ತಾ ನಿಂತಿದ್ದಾನೆ. ಆ ಫೈನಲ್‌ನಲ್ಲಿ ಅವನು ಗೋಲು ಹೊಡೆಯಲಿಲ್ಲ. ಓಡಿಯೇ ಇಂಟರ್‌ನವರ ಉಸಿರು ಕಟ್ಟಿಸಿದ. ಎಂಬಾಪೆ ಇದ್ದಾಗ ಪಿಎಸ್‌ಜಿಯಲ್ಲಿ ಹತ್ತು ಜನ ಓಡುತ್ತಿದ್ದರು, ಒಬ್ಬ ಕಾಯುತ್ತಿದ್ದ. ಈಗ ಹನ್ನೊಂದೂ ಜನ ಓಡುತ್ತಾರೆ. ಎಂಬಾಪೆಯನ್ನು ನಾನು ಬೈಯುತ್ತಿಲ್ಲ, ಸ್ಪೇನ್‌ನಲ್ಲಿ 31 ಗೋಲು ಹೊಡೆದಿದ್ದಾನೆ. ಆದರೂ ಮ್ಯಾಡ್ರಿಡ್‌ಗೆ ಲೀಗೂ ಇಲ್ಲ, ಚಾಂಪಿಯನ್ಸ್ ಲೀಗೂ ಇಲ್ಲ. ಹೋದ ವಾರ ಅದೇ ಪಿಎಸ್‌ಜಿ ಅವನ ಹೊಸ ತಂಡಕ್ಕೆ 24 ನಿಮಿಷದಲ್ಲಿ ಮೂರು ಹಾಕಿ, ಕೊನೆಗೆ 4-0 ಮಾಡಿ ಕಳಿಸಿತು.

ಲೂಯಿಸ್ ಎನ್ರಿಕೆ ಬಗ್ಗೆ ಒಂದು ಮಾತು. ಅವರ ಮಗಳು ಶಾನಾ 2019ರಲ್ಲಿ, ಒಂಬತ್ತನೇ ವಯಸ್ಸಿಗೆ, ಕ್ಯಾನ್ಸರ್‌ನಿಂದ ತೀರಿಕೊಂಡಳು. 2015ರಲ್ಲಿ ಬಾರ್ಸಿಲೋನಾ ಗೆದ್ದಾಗ ಮೈದಾನದಲ್ಲಿ ಅಪ್ಪನ ಜೊತೆ ಬಾವುಟ ಹಿಡಿದು ಓಡಾಡಿದ್ದಳು. ಮ್ಯೂನಿಕ್‌ನಲ್ಲಿ ಪ್ಯಾರಿಸ್ ಅಭಿಮಾನಿಗಳು ಅಪ್ಪ ಮಗಳದೇ ದೊಡ್ಡ ಚಿತ್ರ ಬಿಚ್ಚಿ ಹಿಡಿದರು. ಅದನ್ನು ನೋಡುವಾಗ ನಮ್ಮನೆಯವಳೂ ಎದ್ದು ಬಂದು ಪಕ್ಕ ಕೂತಿದ್ದಳು. ಇಬ್ಬರೂ ಮಾತಾಡಲಿಲ್ಲ.

ತಂಗಿ, ನಿನ್ನ ಬಾರ್ಸಿಲೋನಾಗೆ ಬರುತ್ತೇನೆ, ಕೋಪ ಮಾಡಿಕೊಳ್ಳಬೇಡ. ನೋಡುವುದಕ್ಕೆ ಈ ವರ್ಷ ಅದರಷ್ಟು ಚೆಂದ ಯಾವ ತಂಡವೂ ಇರಲಿಲ್ಲ, ಬರೆದುಕೊಡುತ್ತೇನೆ. ಲೀಗ್‌ನಲ್ಲಿ 102 ಗೋಲು. ಮ್ಯಾಡ್ರಿಡ್ ಎದುರು ನಾಲ್ಕಕ್ಕೆ ನಾಲ್ಕೂ ಗೆಲುವು, 16 ಗೋಲು. ಆದರೆ ನವೆಂಬರ್, ಡಿಸೆಂಬರ್‌ನಲ್ಲಿ ಸ್ವಂತ ಮೈದಾನದಲ್ಲಿ ಲಾಸ್ ಪಾಲ್ಮಾಸ್ ಹತ್ತಿರ, ಲೆಗಾನೆಸ್ ಹತ್ತಿರ ಸೋತಿತಲ್ಲ, ಆ ಎರಡೂ ತಂಡ ಕೊನೆಗೆ ಎರಡನೇ ಡಿವಿಷನ್‌ಗೆ ಇಳಿದವು. ಕೋಚ್ ಫ್ಲಿಕ್ ಡಿಫೆನ್ಸನ್ನು ಮೈದಾನದ ನಡುವಿಗೆ ತಂದು ನಿಲ್ಲಿಸುತ್ತಾರೆ. ಪಾಸ್ ಬರುವ ಮುಂಚೆಯೇ ಡಿಫೆನ್ಸ್ ದಾಟಿ ನಿಂತ ಎದುರಾಳಿ ಆಫ್‌ಸೈಡ್, ಆ ಬಲೆ ಕೆಲಸ ಮಾಡಿದ ದಿನ ಎಂಬಾಪೆಯಂಥವನೂ ಮತ್ತೆ ಮತ್ತೆ ಸಿಕ್ಕಿಬೀಳುತ್ತಾನೆ. ಮಾಡದ ದಿನ ಬಾಗಿಲು ಹಾರುಹೊಡೆದ ಮನೆ. ಇಂಟರ್ ಜೊತೆಗಿನ ಸೆಮಿಫೈನಲ್ ನೋಡಿದೆಯಲ್ಲ, 3-3, ಆಮೇಲೆ 4-3 ಸೋಲು. ಎರಡು ಪಂದ್ಯಕ್ಕೆ 13 ಗೋಲು! 87ನೇ ನಿಮಿಷಕ್ಕೆ ರಾಫಿನ್ಯಾ ಗೋಲು ಹಾಕಿದ ಮೇಲೆ ನೀನು ಗ್ರೂಪಿಗೆ ಪಟಾಕಿ ಸ್ಟಿಕ್ಕರ್ ಹಾಕಿದೆ. ಮುಗಿಯಲು ಎರಡು ನಿಮಿಷ ಇರುವಾಗ 37 ವರ್ಷದ ಡಿಫೆಂಡರ್ ಅಚೆರ್ಬಿ ಮುಂದೆ ಬಂದು ಸಮ ಮಾಡಿಬಿಟ್ಟ. ಆ ಸ್ಟಿಕ್ಕರ್ ನೀನು ಅಳಿಸಿದ್ದನ್ನು ಎಲ್ಲರೂ ನೋಡಿದ್ದೇವೆ.

ಪಾಪ ಅಂದರೆ ಇಂಟರ್. ಲೀಗ್ ಒಂದೇ ಅಂಕದಲ್ಲಿ ನಾಪೋಲಿಗೆ ಹೋಯಿತು, ಫೈನಲ್ ಹಾಗಾಯಿತು. ಅದೇ ಟಾಟನಮ್ ನೋಡಿ, ಪ್ರೀಮಿಯರ್ ಲೀಗ್‌ನಲ್ಲಿ 17ನೇ ಸ್ಥಾನ, ಆದರೂ ಯುರೋಪಾ ಲೀಗ್ ಅದರ ಮನೆಯಲ್ಲಿದೆ.

ಹಾಗಾದರೆ ನಿನ್ನೆ ಯಾಕೆ ಸೋತರು? ಸುಸ್ತು ಅಂತ ಹೇಳಿ ಜಾರಿಕೊಳ್ಳುವುದಿಲ್ಲ, ಚೆಲ್ಸಿಯೂ ಅಷ್ಟೇ ದಿನದಿಂದ ಆಡುತ್ತಿದೆ. ಆದರೂ ಪಿಎಸ್‌ಜಿಗೆ ಅದು ಸೀಸನ್‌ನ 65ನೇ ಪಂದ್ಯ. ಡಿಫೆನ್ಸ್‌ನ ಪಾಚೊ ಇರಲಿಲ್ಲ, ಈ ಕ್ಲಬ್ ವಿಶ್ವಕಪ್‌ನ ಬಾಯರ್ನ್ ಪಂದ್ಯದ ರೆಡ್ ಕಾರ್ಡು. ಅದಕ್ಕಿಂತ ಜಾಸ್ತಿ, ಇವರ ಆಟ ಈಗ ಎಲ್ಲರಿಗೂ ಗೊತ್ತಾಗಿದೆ. ಇದೇ ಟೂರ್ನಿಯಲ್ಲಿ ಬ್ರೆಜಿಲ್‌ನ ಬೊಟಾಫೊಗೊ 1-0 ಸೋಲಿಸಿ ದಾರಿ ತೋರಿಸಿತ್ತು, ಮಾರೆಸ್ಕಾ ಅದಕ್ಕಿಂತ ಚೆನ್ನಾಗಿ ಮಾಡಿದರು. ಸಿಟಿ, ಲಿವರ್‌ಪೂಲ್, ವಿಲ್ಲಾ, ಆರ್ಸೆನಲ್, ನಾಲ್ಕು ಇಂಗ್ಲಿಷ್ ತಂಡಗಳನ್ನು ದಾಟಿ ಬಂದವರು ಐದನೆಯದರ ಹತ್ತಿರ ಸಿಕ್ಕಿಬಿದ್ದರು. ಈಗ ಮುಗಿದ ಸೀಸನ್‌ನ ಲೆಕ್ಕದಲ್ಲಿ ಇದೊಂದು ಸೋಲು. ಬರುವ ವರ್ಷಕ್ಕೆ ಮಾತ್ರ ದೊಡ್ಡ ಎಚ್ಚರಿಕೆ. ಆ ಎಡಗಡೆಯ ಜಾಗವನ್ನು ಇನ್ನು ಮೇಲೆ ಪ್ರತಿ ಕೋಚೂ ಹುಡುಕುತ್ತಾನೆ.

ಪುಟ್ಟ, ಆಗಸ್ಟ್ 13ಕ್ಕೆ ಇಟಲಿಯ ಉಡಿನೆಯಲ್ಲಿ ಸೂಪರ್ ಕಪ್ ಇದೆ, ಚಾಂಪಿಯನ್ಸ್ ಲೀಗ್ ಗೆದ್ದ ಪಿಎಸ್‌ಜಿಗೂ ಯುರೋಪಾ ಲೀಗ್ ಗೆದ್ದ ಟಾಟನಮ್‌ಗೂ. ನಮಗೆ ಅದು ರಾತ್ರಿ ಹನ್ನೆರಡೂವರೆ. ಮಾರನೇ ದಿನ ಗುರುವಾರ, ಕಾಲೇಜು ಇದೆ ಅಂತ ಅಕ್ಕ ಬೈಯುತ್ತಾಳೆ. ಭಾವ, ನೀವು ಒಪ್ಪಿಸಿ. ನಾನು ನಿಮ್ಮ ಮನೆಗೇ ಬರುತ್ತೇನೆ. ಇಲ್ಲಿ ಎಷ್ಟೇ ಸೌಂಡು ಕಡಿಮೆ ಮಾಡಿದರೂ ಅಮ್ಮ ಎದ್ದುಬಿಡುತ್ತಾಳೆ.