ಪೈಪ್ ಒಳಗೆ ಕ್ಯಾಮೆರಾ ರೋಬೋ ಬಿಟ್ಟು ನೋಡಿಸಿದವರು ಇದ್ದೀರಾ?

ದಾವಣಗೆರೆ ತೋಟ: ನಮ್ಮದು 8 ಇಂಚಿನ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಲೈನ್, ಎರೆ ಮಣ್ಣಲ್ಲಿ ಹೂತಿದೆ. ತುದೀಲಿ ನೀರು ತುಂಬಾ ಕಡಿಮೆ, ಸೋರಿಕೆ ಎಲ್ಲೂ ಕಾಣಲ್ಲ. ಪೈಪ್ ಚಪ್ಪಟೆ ಆಗಿರಬೇಕು, ರೋಬೋ ಬಿಡಿಸಿ ಅಂತಾರೆ ಅಂಗಡಿಯವರು. ಮಾಡಿಸಿದವರು ಅನುಭವ ಹೇಳಿ.

ಹೊಳಲ್ಕೆರೆ ಅಡಿಕೆ: ಕಣ್ಣು ಮುಚ್ಚಿ ಮಾಡಿಸಿ. ನಾನು ಮಾಡಿಸಿದ್ದೇನೆ. ಮೀಟರಿಗೆ 130 ರೂಪಾಯಿ, ಬೆಂಗಳೂರಿಂದ ವ್ಯಾನ್ ಬಂದು ಹೋಗಲು 14,000, ಹೂಳು ತೊಳೆಯೋ ಜೆಟ್ಟಿಂಗ್ ಗಾಡಿಗೆ 9,500. ಟೋಲ್ ಚೀಟಿನೂ ನನ್ನ ಕೈಗೇ ಕೊಟ್ಟರು! ಲೈನ್ ಪೂರ್ತಿ ಖಾಲಿ ಇರಬೇಕು. ಚಕ್ರದ ಗಾಡಿ, ಮುಂದೆ ಕ್ಯಾಮೆರಾ, ಹಿಂದೆ ಕೇಬಲ್. ಲೇಸರ್ ಬೆಳಕು ಪೈಪಿನ ಒಳಗೋಡೆ ಮೇಲೆ ಉಂಗುರದ ಹಾಗೆ ಬೀಳುತ್ತದೆ. ಲಾರಿ ದಾರಿ ಕೆಳಗೆ ಬಂದಾಗ ಆ ಉಂಗುರ ಮೊಟ್ಟೆ ಆಕಾರಕ್ಕೆ ತಿರುಗಿತು. 180 ಮಿ.ಮೀ. ಇರಬೇಕಾದ ಒಳಗಿನ ಎತ್ತರ 158! ಅಷ್ಟು ತುಂಡು ಮಾತ್ರ ಅಗೆದು ಬದಲಿಸಿದೆ. ಈಗ ನೀರು ಜೋರು.

ಹಿರಿಯೂರು ರೈತ: ಸುಮ್ನೆ ದುಡ್ಡು ದಂಡ. ನಮ್ಮ 3 ಇಂಚಿಗೆ ಚಕ್ರದ್ದು ಹೋಗಲ್ಲ ಅಂತ ಸರಳಿನ ಕ್ಯಾಮೆರಾ ತೂರಿಸಿದರು. ಪೈಪ್ ತಿರುಗೋ ಎಲ್ಬೋದಲ್ಲಿ ಸಿಕ್ಕಿಕೊಂಡಿತು. ಅದನ್ನ ತೆಗೆಯಲು ಜೆಸಿಬಿ, ಗಂಟೆಗೆ 1,200. ಅದರ ಬಕೆಟ್ ಪಕ್ಕದ ಡ್ರಿಪ್ ಲೈನನ್ನೂ ಕಿತ್ತು ಹಾಕಿತು. ಅದರ ರಿಪೇರಿ ಬೇರೆ.

ಹೊಳಲ್ಕೆರೆ ಅಡಿಕೆ: 3 ಇಂಚಿಗೆ ಕ್ಯಾಮೆರಾ ಬಿಡಿ ಅಂತ ಹೇಳಿದ್ಯಾರು ಸ್ವಾಮಿ? ಕೇಳಿದ್ದು 8 ಇಂಚಿಗೆ.

ಜಗಳೂರು ಪೈಪ್ ಕೆಲಸ: ಹೊಳಲ್ಕೆರೆಯವರೇ, ಬೇಜಾರಾಗಬೇಡಿ. ಪೈಪ್ ಮೇಲಿಂದ ಅಮುಕಿದರೆ ಪಕ್ಕಕ್ಕೆ ಅಗಲ ಆಗುತ್ತೆ ಅಲ್ವಾ? ನಿಮ್ಮ ಲೆಕ್ಕಕ್ಕೆ ಒಳಗಿನ ಜಾಗ ನೂರಕ್ಕೆ ಸುಮಾರು ಎರಡರಷ್ಟು ಮಾತ್ರ ಕಮ್ಮಿ ಆಗಿರುತ್ತೆ. ನೀರು ಬಂದದ್ದು ಜೆಟ್ಟಿಂಗ್‌ನಿಂದ. ಎತ್ತರ ತಗ್ಗಿದ್ದು ನೂರಕ್ಕೆ 5 ದಾಟಿದರೆ ಬದಲಿಸೋದು ಪೈಪಿನ ಆಯುಸ್ಸಿಗೆ ಒಳ್ಳೆಯದು, ಅದು ಬೇರೆ ಮಾತು. ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಸುತ್ತ ಮರಳು ಹಾಕದೆ ಹೆಂಟೆ ತುಂಬಿದರೆ ಇನ್ನೇನಾಗುತ್ತೆ?

ಹೊಳಲ್ಕೆರೆ ಅಡಿಕೆ: ನನ್ನ ತೋಟ ನೋಡದೆ ಲೆಕ್ಕ ಹೇಳಬೇಡಿ. ಲಾರಿ ದಾರಿಗೆ ಮರಳು ಹಾಕದೆ ಮುಚ್ಚಿದವರೂ ನಿಮ್ಮಂಥ ಪೈಪ್ ಕೆಲಸದವರೇ.

ಮಲೇಬೆನ್ನೂರು ಭತ್ತ: 8 ಇಂಚು ಅಂತೆ! ಭದ್ರಾ ಕಾಲುವೆಗೆ ಪಂಪ್ ಇಟ್ಟು ಎಳೆದುಕೊಂಡರೆ ಕೊನೇ ಭಾಗದ ನಮಗೆ ನೀರೆಲ್ಲಿ? ಮೊದಲು ಅದನ್ನ ಹೇಳಿ.

ದಾವಣಗೆರೆ ತೋಟ: ಅಣ್ಣಾ, ನಮ್ಮದು ಬೋರ್ ನೀರು.

ಮಲೇಬೆನ್ನೂರು ಭತ್ತ: ಬೋರಿಗೆ 8 ಇಂಚಿನ ಲೈನಾ?